ಬೀರುವಿನ ಬೀಗದ ಕೈ

ಹನ್ನೊಂದು ವರ್ಷ ನನ್ನ ಕೈಚೀಲದಲ್ಲಿ ಒಂದು ಬೀಗದ ಕೈ ಇತ್ತು. ಅದು ನಮ್ಮ ಮನೆಯದಲ್ಲ. ನಾನು ಕನ್ನಡ ಪಾಠ ಹೇಳುತ್ತಿದ್ದ ಸರ್ಕಾರಿ ಪ್ರೌಢಶಾಲೆಯ ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತಿದ್ದ ಎರಡು ಗಾಜಿನ ಬಾಗಿಲಿನ ಬೀರುಗಳದು. ಶಾಲೆಯ ದಾಖಲೆಗಳಲ್ಲಿ ಆ ಎರಡು ಬೀರುಗಳಿಗೆ ‘ಗ್ರಂಥಾಲಯ’ ಎಂದು ಹೆಸರು. ನನಗೆ ‘ಗ್ರಂಥಾಲಯದ ಉಸ್ತುವಾರಿ’ ಎಂದು ಹೆಸರು. ಪುಸ್ತಕ ಎಂದರೆ ಕಥೆ, ಕಥೆ ಎಂದರೆ ಕನ್ನಡ ಎಂಬ ಲೆಕ್ಕದಲ್ಲಿ ಈ ಚಾರ್ಜು ಕನ್ನಡದವರ ತಲೆಗೇ ಬರುವುದು ನಾನು ಕಂಡ ಶಾಲೆಗಳಲ್ಲೆಲ್ಲ ರೂಢಿ.

1988ರಲ್ಲಿ ನಾನು ಚಾರ್ಜು ವಹಿಸಿಕೊಂಡ ದಿನ, ನನಗಿಂತ ಮುಂಚೆ ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮೇಷ್ಟ್ರು ದಾಸ್ತಾನು ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಪುಸ್ತಕ ಎಣಿಸಿ ಕೊಟ್ಟರು. ಒಟ್ಟು 642. ನಾನು ಸಹಿ ಮಾಡಿದೆ. ಅವರು ನಿಟ್ಟುಸಿರು ಬಿಟ್ಟು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: “ನೋಡಮ್ಮಾ, ಒಂದೂ ಹೊರಗೆ ಬಿಡಬೇಡ. ಹೋದರೆ ನಿನ್ನ ಸಂಬಳದಲ್ಲಿ ಮುರಕೋತಾರೆ. ಒಂಬತ್ತು ವರ್ಷ ಹೀಗೇ ಕಾಪಾಡಿಕೊಂಡು ಬಂದಿದೀನಿ.”

ಹಿರಿಯರ ಮಾತು. ಪಾಲಿಸಿದೆ. ಎಷ್ಟು ನಿಷ್ಠೆಯಿಂದ ಎಂದರೆ, 1996ರಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು ಪುಸ್ತಕ ಎಣಿಸಿ, ಒಂದೂ ಕಡಿಮೆಯಾಗಿಲ್ಲವೆಂದು ಎಲ್ಲರೆದುರು ನನ್ನನ್ನು ಹೊಗಳಿದರು. ಹಿಗ್ಗಿನಿಂದ ಮನೆಗೆ ಬಂದು ಪಾಯಸ ಮಾಡಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಆದ್ದರಿಂದ ಈ ಬರಹದಲ್ಲಿ ಯಾರನ್ನು ಬೈದರೂ ಮೊದಲ ಬೈಗುಳ ನನಗೇ ಸಲ್ಲಬೇಕು.

1993ರಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗಿ ಬಂದಳು. ಸ್ಟಾಫ್ ರೂಮಿಗೆ ಹಾಜರಿ ಪುಸ್ತಕ ತರುವ ಕೆಲಸ ಅವಳದು. ಪುಸ್ತಕವನ್ನು ಮೇಜಿನ ಮೇಲಿಟ್ಟವಳು ಕೂಡಲೇ ಹೋಗುತ್ತಿರಲಿಲ್ಲ. ಬೀರುವಿನ ಗಾಜಿಗೆ ಮೂಗು ತಾಗಿಸಿ ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಓದುತ್ತ ನಿಲ್ಲುತ್ತಿದ್ದಳು. ಅಲ್ಲಿ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ ಸಂಪುಟಗಳು ಸಾಲಾಗಿ ನಿಂತಿದ್ದವು. ಒಂದು ದಿನ ಧೈರ್ಯ ಮಾಡಿ, “ಮೇಡಂ, ಅದರಲ್ಲಿ ಒಂದು ಕೊಡ್ತೀರಾ? ನಾಳೆನೇ ತಂದುಕೊಡ್ತೀನಿ” ಎಂದಳು. “ಪರೀಕ್ಷೆ ಮುಗೀಲಿ ತಾಳು” ಎಂದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಕೇಳಿದಳು. ಬೇಸಿಗೆ ರಜೆಯಲ್ಲಿ ಪುಸ್ತಕ ಹೊರಗೆ ಹೋದರೆ ಯಾರು ಜವಾಬ್ದಾರಿ? “ರಜೆ ಕಳೀಲಿ” ಎಂದೆ. ಒಂಬತ್ತನೆಯ ತರಗತಿಯಲ್ಲಿ ಅವಳು ಕೇಳುವುದನ್ನು ಬಿಟ್ಟಳು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ಏಟು ಬಿತ್ತು. ಮನೆಯವರು ಎರಡನೆಯ ಸಲ ಕಟ್ಟಿಸಲಿಲ್ಲ. ಮದುವೆಯಾಯಿತು ಎಂದು ಯಾರೋ ಹೇಳಿದರು. ಪುಸ್ತಕ ಮಾತ್ರ ಭದ್ರವಾಗಿತ್ತು.

ಊರಿನಲ್ಲಿ ಬೇರೆ ಗ್ರಂಥಾಲಯವಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಈಗಲೂ ಇದೆ. ನಮ್ಮ ರಾಜ್ಯದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ. ನಿಮ್ಮ ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಗ್ರಂಥಾಲಯ ಕರ ಎಂದು ಶೇಕಡಾ 6 ಸೇರಿಸಿರುತ್ತಾರೆ. ಆದರೆ ಆ ಗ್ರಂಥಾಲಯದೊಳಗೆ ಸಂಜೆ ಐದೂವರೆಗೆ ಒಮ್ಮೆ ಇಣುಕಿ ನೋಡಿ. ನಮ್ಮ ಊರಿನದು ಬಸ್ ಸ್ಟ್ಯಾಂಡಿನ ಹಿಂದಿದೆ. ಉದ್ದನೆಯ ಮೇಜಿನ ಎರಡೂ ಕಡೆ ಗಂಡಸರು, ನಿವೃತ್ತರು, ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು, ಬಸ್ಸಿಗೆ ಕಾಯುವವರು. ಕಂದಾಯ ಕಟ್ಟುವುದು ಇಡೀ ಮನೆ, ಪೇಪರು ಓದುವುದು ಮನೆಯ ಗಂಡಸು. ಅವರು ಓದುವುದು ತಪ್ಪಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಆ ಮೇಜಿನ ನಡುವೆ ಹೋಗಿ ಕೂರುತ್ತಾಳೆಯೇ? ಅಪ್ಪ ಕಳಿಸುತ್ತಾನೆಯೇ? ಅಪ್ಪ ಕಳಿಸಿದರೂ ಬೀದಿಯವರು ಸುಮ್ಮನಿರುತ್ತಾರೆಯೇ?

ನಾನು ಹೇಳಬೇಕೆಂದಿರುವ ಮೊದಲ ಮಾತು ಇದೇ. ಹುಡುಗನಿಗೆ ಶಾಲೆಯ ಬೀರು ಮುಚ್ಚಿದ್ದರೆ ಇನ್ನೊಂದು ಬಾಗಿಲಾದರೂ ಉಂಟು. ಹುಡುಗಿಗೆ ಶಾಲೆಯ ಗ್ರಂಥಾಲಯವೇ ಏಕೈಕ ಗ್ರಂಥಾಲಯ. ಯಾರನ್ನೂ ಕೇಳದೆ, ಯಾರಿಗೂ ವಿವರಣೆ ಕೊಡದೆ ಅವಳು ಪುಸ್ತಕದ ಹತ್ತಿರ ಹೋಗಬಹುದಾದ ಜಾಗ ಅದೊಂದೇ. ಅದೂ ಆರೇಳು ವರ್ಷದ ಮಟ್ಟಿಗೆ. ಆ ಆರೇಳು ವರ್ಷ ಬೀಗ ಹಾಕಿಟ್ಟರೆ ಆಮೇಲೆ ಜೀವಮಾನವೆಲ್ಲ ಹಾಕಿಟ್ಟ ಹಾಗೆಯೇ.

ನಮ್ಮ ತಲೆಮಾರಿನ ಹೆಂಗಸರು ಇಷ್ಟು ಪರದಾಡಲಿಲ್ಲ. ನಮಗೆ ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ತಮ್ಮನನ್ನು ಪುಸಲಾಯಿಸಿ ಕಳಿಸಿ, ಚಿಲ್ಲರೆ ಕಾಸಿಗೆ ತ್ರಿವೇಣಿಯನ್ನೋ ಎಂ.ಕೆ. ಇಂದಿರಾ ಅವರನ್ನೋ ತರಿಸಿ, ಒಲೆ ಮುಂದೆ ಓದಿ ಮರುದಿನ ವಾಪಸು ಕಳಿಸುತ್ತಿದ್ದೆವು. ಧಾರಾವಾಹಿಗಳು ಮನೆಗೇ ಬಂದ ಮೇಲೆ ಆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಇಂದಿರಾ ಅವರನ್ನೇ ನೋಡಿ. ಶಾಲೆಯ ಓದು ಬಹಳ ಮುಂದೆ ಹೋಗಲಿಲ್ಲ, ಚಿಕ್ಕ ವಯಸ್ಸಿಗೇ ಮದುವೆಯಾಯಿತು. 1963ರಲ್ಲಿ ‘ತುಂಗಭದ್ರ’ ಪ್ರಕಟವಾದಾಗ ಅವರಿಗೆ ನಲವತ್ತೈದು ದಾಟಿತ್ತು. ಓದಿನ ರುಚಿ ಒಮ್ಮೆ ಹತ್ತಿದರೆ ಸಂಸಾರದ ಎಷ್ಟು ವರ್ಷ ಕಳೆದರೂ ಅದು ಒಳಗೆ ಬದುಕಿರುತ್ತದೆ. ಹತ್ತುವುದಕ್ಕೆ ಮೊದಲು ಪುಸ್ತಕ ಕೈಗೆ ಸಿಗಬೇಕಷ್ಟೆ.

ಇನ್ನು ಆ ‘ಸಂಬಳದಲ್ಲಿ ಮುರಿಯುವ’ ಭಯದ ವಿಷಯಕ್ಕೆ ಬರೋಣ. ಒಂದು ಮಳೆಗಾಲ ನಮ್ಮ ಬೀರುವಿನ ಹಿಂದಿನ ಗೋಡೆಗೆ ಗೆದ್ದಲು ಹತ್ತಿತು. ಕೆಳಗಿನ ಎರಡು ಸಾಲು ಪುಸ್ತಕ ಮಣ್ಣಾಯಿತು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗೆಂದೇ ಮೂರು ಸಂಪುಟಗಳಲ್ಲಿ ಬರೆದ ‘ಬಾಲಪ್ರಪಂಚ’ದ ಒಂದು ಸಂಪುಟ, ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯಲ್ಲಿ ಎರಡು, ಇನ್ನೂ ಎಷ್ಟೋ. ನಾನು ಹೆದರಿ ನಡುಗಿದೆ. ಆದರೆ ಏನೂ ಆಗಲಿಲ್ಲ. ಒಂದು ಸಮಿತಿ ಮಾಡಿದರು, ‘ನಿರುಪಯುಕ್ತ’ ಎಂದು ಬರೆದರು, ಮೂವರು ಸಹಿ ಹಾಕಿದರು, ಮುಗಿಯಿತು. ಗೆದ್ದಲು ತಿಂದ ಪುಸ್ತಕಕ್ಕೆ ಯಾರೂ ದಂಡ ಕಟ್ಟಬೇಕಿಲ್ಲ. ಮಗು ಮನೆಗೆ ಒಯ್ದು, ತಂಗಿಗೆ ಓದಿ ಹೇಳಿ, ಕೈತಪ್ಪಿ ಕಳೆದ ಪುಸ್ತಕಕ್ಕೆ ಮಾತ್ರ ದಂಡ. ಗೆದ್ದಲಿಗಿರುವ ರಿಯಾಯಿತಿ ನಮ್ಮ ಮಕ್ಕಳಿಗಿಲ್ಲ!

ಇದು ಸರ್ಕಾರದ ನಿಯಮ, ನಾವೇನು ಮಾಡಲಾದೀತು ಎನ್ನುವವರಿಗೆ ಸರ್ಕಾರದ ನಿಯಮವನ್ನೇ ತೋರಿಸುತ್ತೇನೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯ ನಿಯಮವಿದೆ. ವರ್ಷದಲ್ಲಿ ಓದಲು ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ತಿಳಿಯಬಹುದು ಎಂಬುದು ಅದರ ಅರ್ಥ. ದೆಹಲಿಯ ದೊಡ್ಡ ದೊಡ್ಡ ಕಚೇರಿಗಳ ಗ್ರಂಥಾಲಯಕ್ಕೆ ಈ ವಿವೇಕ ಅನ್ವಯಿಸುತ್ತದೆ. ಅದರ ಜಾಣತನ ಗಮನಿಸಿ. ಲೆಕ್ಕ ಹಾಕುವುದು ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಓದುಗರ ಕೈಗೆ ಹೋದ ಪುಸ್ತಕದ ಮೇಲೆ. ಹೆಚ್ಚು ಕೊಟ್ಟಷ್ಟೂ ಹೆಚ್ಚು ಕಳೆಯುವುದಕ್ಕೆ ಅವಕಾಶ. ಹನ್ನೊಂದು ವರ್ಷ ಒಂದನ್ನೂ ಕೊಡದೆ ಒಂದನ್ನೂ ಕಳೆಯದ ನನ್ನಂಥವಳಿಗೆ ಆ ನಿಯಮ ಹೊಗಳಿಕೆ ಕೊಡುತ್ತಿರಲಿಲ್ಲ. ಇಂಥದೊಂದು ಸಾಲನ್ನು ಶಾಲೆಗಳಿಗೂ ಸ್ಪಷ್ಟವಾಗಿ ಬರೆದು ಕಳಿಸಲು ಯಾರಿಗೆ ಎಷ್ಟು ಖರ್ಚಾಗುತ್ತದೆ?

ಆದರೆ ಬೀಗ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಅದನ್ನು ನಾನು ಕಲಿತದ್ದು ಬಹಳ ತಡವಾಗಿ.

1999ರಲ್ಲಿ ವರ್ಗವಾಗಿ ಹೋಗಿದ್ದ ನಾನು 2007ರಲ್ಲಿ ಅದೇ ಶಾಲೆಗೆ ವಾಪಸು ಬಂದೆ. ಮರುವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಏನಾದರೂ ಕೊಡಬೇಕೆಂದು ಹೊರಟರು. ಧ್ವಜಸ್ತಂಭ, ನೀರಿನ ಟ್ಯಾಂಕು, ಕಮಾನು ಎಂದು ಮಾತಾಯಿತು. ಅವರಲ್ಲೊಬ್ಬರು, “ಒಬ್ಬ ಲೈಬ್ರರಿಯನ್ನಿಗೆ ಎರಡು ವರ್ಷದ ಸಂಬಳ ಕೊಡೋಣ” ಎಂದರು. ನಮ್ಮ ಊರಿಗೆ ಸೊಸೆಯಾಗಿ ಬಂದು, ಗ್ರಂಥಾಲಯ ವಿಜ್ಞಾನದ ಪದವಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಮನೆಯಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಸಿಕ್ಕಳು. ತಿಂಗಳಿಗೆ 3,500 ರೂಪಾಯಿ.

ಆಕೆ ಮೊದಲ ವಾರ ಮಾಡಿದ್ದು ಇಷ್ಟೇ: ಬೀರುಗಳನ್ನು ಸ್ಟಾಫ್ ರೂಮಿನಿಂದ ಖಾಲಿ ಇದ್ದ ಒಂದು ಕೋಣೆಗೆ ಸಾಗಿಸಿ, ಬಾಗಿಲುಗಳನ್ನು ಕಳಚಿಸಿಬಿಟ್ಟಳು. ಬೀಗದ ಕೈ ಇಟ್ಟುಕೊಂಡು ಏನು ಮಾಡುವುದೆಂದು ಕೇಳಿದರೆ ನಕ್ಕಳು. ಮಕ್ಕಳ ಎತ್ತರಕ್ಕೆ ಸಿಗುವ ಕಡೆ ಮಕ್ಕಳ ಪುಸ್ತಕ ಬಂತು. ಮೇಷ್ಟ್ರುಗಳ ಪುಸ್ತಕ ಮೇಲಿನ ಸಾಲಿಗೆ ಹೋಯಿತು. ಒಂದು ಹಗ್ಗ ಕಟ್ಟಿ, ತೆಳುವಾದ ಪುಸ್ತಕಗಳನ್ನು ಬಟ್ಟೆ ಒಣಹಾಕಿದಂತೆ ಅದಕ್ಕೆ ನೇತುಹಾಕಿದಳು. ಬೆನ್ನು ತೋರಿಸಿ ನಿಂತ ಪುಸ್ತಕಕ್ಕಿಂತ ಮುಖ ತೋರಿಸುವ ಪುಸ್ತಕವನ್ನು ಮಗು ಬೇಗ ಎತ್ತಿಕೊಳ್ಳುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನಿಗೆ ಸರಾಗವಾಗಿ ಓದಲು ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ನಾನು ತರಗತಿಯಲ್ಲಿ ಅವನನ್ನು ಎಬ್ಬಿಸಿ ಓದಿಸಿ, ಎಲ್ಲರೂ ನಕ್ಕು, ಅವನು ತಲೆ ತಗ್ಗಿಸಿ ಕೂರುವುದು ನಡೆದೇ ಇತ್ತು. ಆಕೆ ಅವನನ್ನು ಕರೆದು, “ನಿನಗೆ ತಂಗಿ ಇದಾಳಲ್ವಾ? ಈ ಚಿತ್ರದ ಪುಸ್ತಕ ಅವಳಿಗೆ ಓದಿ ಹೇಳು, ಆಮೇಲೆ ಹೇಗಿತ್ತು ಅಂತ ನನಗೆ ಬಂದು ಹೇಳು” ಎಂದು ಎರಡನೆಯ ತರಗತಿಯ ಮಟ್ಟದ ಪುಸ್ತಕ ಕೊಟ್ಟಳು. ತಂಗಿಯ ಹೆಸರಿನಲ್ಲಿ ವಾರಕ್ಕೆರಡು ಪುಸ್ತಕ ಹೋಯಿತು. ವರ್ಷದ ಕೊನೆಗೆ ಅವನು ತಂಗಿಯ ಹೆಸರು ಹೇಳುವುದನ್ನು ಬಿಟ್ಟು ತನಗೇ ಕೇಳತೊಡಗಿದ. ನಾನು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು. ಈ ಉಪಾಯ ನನಗೆ ಹೊಳೆದಿರಲಿಲ್ಲ. ಹೊಳೆಯುವಷ್ಟು ಹೊತ್ತು ಒಂದು ಮಗುವಿನ ಮೇಲೆ ಕಣ್ಣಿಡುವುದಕ್ಕೆ ಅರವತ್ತು ಮಕ್ಕಳ ತರಗತಿಯಲ್ಲಿ ಬಿಡುವೂ ಇರಲಿಲ್ಲ.

ಉಪಕಾರ ಮಕ್ಕಳಿಗಷ್ಟೇ ಅಲ್ಲ. ತಿಂಗಳ ಮೊದಲ ಸೋಮವಾರ ಆಕೆ ನಮ್ಮೆಲ್ಲರ ಹತ್ತಿರ ಬಂದು, “ಈ ತಿಂಗಳು ಯಾವ ಪಾಠ?” ಎಂದು ಬರೆದುಕೊಳ್ಳುತ್ತಿದ್ದಳು. ವಿಜ್ಞಾನದವರು ಗ್ರಹಣದ ಪಾಠ ಶುರು ಮಾಡುವ ಹೊತ್ತಿಗೆ ಅವರ ಮೇಜಿನ ಮೇಲೆ ಎರಡು ಪುಸ್ತಕ, ಹಳೆಯ ಪತ್ರಿಕೆಯಿಂದ ಕತ್ತರಿಸಿದ ನಾಲ್ಕು ಚಿತ್ರ. ಸಮಾಜ ಪಾಠದವರು ಹಂಪಿಯ ಬಗ್ಗೆ ಹೇಳುವ ದಿನ ನಕ್ಷೆ ಗೋಡೆಯ ಮೇಲೆ. ನಾನೇ ಹಳಗನ್ನಡ ಪದ್ಯವೊಂದರಲ್ಲಿ ತಡವರಿಸಿ, ಗೈಡಿನಲ್ಲಿದ್ದುದನ್ನೇ ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೆ; ಆಕೆ ಜಿಲ್ಲಾ ಗ್ರಂಥಾಲಯದಿಂದ ನಿಘಂಟು ತರಿಸಿಕೊಟ್ಟಾಗ ನಾನು ತಪ್ಪು ಹೇಳುತ್ತಿದ್ದೆನೆಂದು ತಿಳಿಯಿತು. ಎಷ್ಟು ತಂಡದ ಮಕ್ಕಳಿಗೆ ಆ ತಪ್ಪನ್ನು ಕಲಿಸಿದ್ದೆನೋ!

ಎರಡು ವರ್ಷಕ್ಕೆ 14 ಪುಸ್ತಕ ಕಳೆದವು. ಹಣವೂ ಮುಗಿಯಿತು. 2010ರಲ್ಲಿ ಆಕೆ ಮನೆಗೆ ಹೋದಳು. ಆ ಕೋಣೆಗೆ ಕಂಪ್ಯೂಟರುಗಳು ಬಂದವು. ಬೀರುಗಳು ಮತ್ತೆ ಸ್ಟಾಫ್ ರೂಮಿಗೆ ಬಂದು ಬಾಗಿಲು ತೊಟ್ಟುಕೊಂಡವು. ಬೀಗದ ಕೈ ಮತ್ತೆ ನನ್ನ ಕೈಚೀಲಕ್ಕೇ ಬಂತು.

ಇಷ್ಟೆಲ್ಲ ಕಂಡ ಮೇಲೆ ನೀವಾದರೂ ತೆರೆದಿಡಬಹುದಿತ್ತಲ್ಲ ಎನ್ನುತ್ತೀರಿ. ತೆರೆದಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಕುಳಿತು ಪುಸ್ತಕ ಕೊಟ್ಟೆ. ನಾಲ್ಕು ತಿಂಗಳು ನಡೆಯಿತು. ಆಮೇಲೆ ಹತ್ತನೆಯವರಿಗೆ ವಿಶೇಷ ತರಗತಿ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಬೀರು ತಾನಾಗಿ ಮುಚ್ಚಿಕೊಂಡಿತು. ಮನಸ್ಸಿಲ್ಲದ ಕಾಲದಲ್ಲಿ ಹನ್ನೊಂದು ವರ್ಷ ಮುಚ್ಚಿಟ್ಟವಳು ಮನಸ್ಸಿದ್ದ ಕಾಲದಲ್ಲಿ ನಾಲ್ಕೇ ತಿಂಗಳು ತೆರೆದಿಟ್ಟೆ. ಆದ್ದರಿಂದ, “ಶಿಕ್ಷಕರೇ ಸ್ವಲ್ಪ ಆಸಕ್ತಿ ವಹಿಸಿದರೆ ಸಾಕು” ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಸಕ್ತಿಯಿಂದ ದಿನಕ್ಕೆ ಇಪ್ಪತ್ತೈದನೆಯ ಗಂಟೆ ಹುಟ್ಟುವುದಿಲ್ಲ.

ನಾವು ಅಡುಗೆಮನೆಯವರು, ನಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ಎಲ್ಲ ಕಡೆ ಹಬ್ಬಿತು. ಆಗ ಸರ್ಕಾರ ಬರೀ ಅಕ್ಕಿ ಬೇಳೆಯ ಮೂಟೆ ಇಳಿಸಿ, “ಇಗೋ ಬಿಸಿಯೂಟ” ಎಂದು ಹೇಳಿ ಹೋಗಲಿಲ್ಲ. ಅಡುಗೆಯವರನ್ನು ನೇಮಿಸಿತು. ಅವರಿಗೆ ಕೊಡುವ ಸಂಭಾವನೆ ಸಾಲದು, ಅದು ಬೇರೆ ಜಗಳ. ಆದರೆ ಬೇಯಿಸಿ ಬಡಿಸುವವರಿಲ್ಲದೆ ಅಕ್ಕಿ ಊಟವಾಗುವುದಿಲ್ಲ ಎಂಬಷ್ಟು ಸರ್ಕಾರಕ್ಕೂ ಗೊತ್ತಿತ್ತು. ಪುಸ್ತಕದ ವಿಷಯದಲ್ಲಿ ಮಾತ್ರ ಮೂಟೆ ಇಳಿಸುವುದೇ ದಾಸೋಹ! ಹೊಟ್ಟೆಗೆ ಬಡಿಸುವವರು ಬೇಕು, ತಲೆಗೆ ಬೇಡವೇ?

ಮೂಟೆಗಳಿಗೇನೂ ಕೊರತೆಯಿಲ್ಲ. 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಪಾಠೋಪಕರಣಗಳ ಜೊತೆ ಪುಸ್ತಕಗಳನ್ನೂ ಕೊಟ್ಟಿತು. 2018ರಿಂದ ಜಾರಿಗೆ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದೇ, ಶಾಲೆಯ ಮಟ್ಟ ನೋಡಿಕೊಂಡು, ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಇಟ್ಟರು. ಒಳ್ಳೆಯದೇ. ನಮ್ಮ ಶಾಲೆಗೆ ಒಂದು ಮಾರ್ಚ್ ಕೊನೆಯಲ್ಲಿ ಬಂದ ಕಟ್ಟನ್ನು ಬಿಚ್ಚಿದರೆ ಒಂದೇ ಪುಸ್ತಕದ ಏಳು ಪ್ರತಿ. ನಮ್ಮ ಮಕ್ಕಳು ಬಾಯಿಗೆ ಹೆಸರೂ ಹಿಡಿಸದಂಥ ಪುಸ್ತಕ. ಆರಿಸಿದವರು ಯಾರೋ, ಯಾರಿಗಾಗಿಯೋ. ಯಾವ ಮಗು ಏನು ಓದುತ್ತದೆ ಎಂದು ಬಲ್ಲ ಒಬ್ಬರು ಶಾಲೆಯಲ್ಲಿದ್ದರೆ ಆ ಹಣ ಹೀಗೆ ಪೋಲಾಗುತ್ತಿತ್ತೇ?

ಕಾನೂನಾದರೂ ಏನು ಹೇಳುತ್ತದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಸೇರಿ ಎಲ್ಲ ವಿಷಯಗಳ ಪುಸ್ತಕ ಇರಬೇಕು ಎಂದಿದೆ. ಅದೇ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎಂದಿದೆ. ಗ್ರಂಥಪಾಲಕ ಎಂಬ ಪದ ಇಲ್ಲ. ಆದರೆ ಈ ಯೋಚನೆ ಹೊಸದೇನಲ್ಲ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1952-53ರಲ್ಲೇ ಶಾಲೆಗಳಿಗೆ ತರಬೇತಿ ಪಡೆದ ಗ್ರಂಥಪಾಲಕರು ಬೇಕೆಂದು ಹೇಳಿತ್ತು. ಕೇಂದ್ರೀಯ ವಿದ್ಯಾಲಯಗಳಲ್ಲಿ, ನವೋದಯ ವಿದ್ಯಾಲಯಗಳಲ್ಲಿ ಆ ಹುದ್ದೆ ಇದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲೂ ಇದೆ. ಊರಿನ ಸಾಮಾನ್ಯ ಹುಡುಗಿ ಓದುವ, ನಾನು ಕಂಡ ಕನ್ನಡ ಪ್ರೌಢಶಾಲೆಗಳಲ್ಲಿ ಮಾತ್ರ ಇಲ್ಲ. ಕಾಲೇಜಿಗೆ ಹೋಗುವ ಮೊದಲೇ ಮದುವೆಯಾದವಳಿಗೆ ಕಾಲೇಜಿನ ಗ್ರಂಥಪಾಲಕರಿಂದ ಏನು ಪ್ರಯೋಜನ?

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಇಡೀ ದೇಶ ಕೈಮುಗಿಯುವ ಎಸ್.ಆರ್. ರಂಗನಾಥನ್ ಹುಟ್ಟಿದ್ದು 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಾದರೂ, ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಮೊದಲು ಗಣಿತದ ಮೇಷ್ಟ್ರಾಗಿದ್ದವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ತಿರುಳನ್ನು ಹೀಗೆ ಹೇಳಬಹುದು: ಪುಸ್ತಕವನ್ನು ಕಾಯುತ್ತ ಕೂರುವುದು ಗ್ರಂಥಾಲಯದ ಕೆಲಸವಲ್ಲ, ತಕ್ಕವರ ಕೈಗೆ ತಕ್ಕದ್ದನ್ನು ದಾಟಿಸುವುದು ಅದರ ಕೆಲಸ. ಹಿಂದೆ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಮೇಜಿಗೆ ಕಟ್ಟುತ್ತಿದ್ದರಂತೆ. ಅಲ್ಲಿ ಹೋದವರು ಕೂತಲ್ಲೇ ಓದಬಹುದಿತ್ತು. ನಮ್ಮ ಗಾಜಿನ ಬೀರು ಅದಕ್ಕಿಂತ ಕಡೆ. ಪ್ರತಿ ಆಗಸ್ಟ್ 12ರಂದು ರಂಗನಾಥನ್ ಅವರ ಹುಟ್ಟುಹಬ್ಬವನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಗ್ರಂಥಪಾಲಕರೇ ಇಲ್ಲದ ಶಾಲೆಗಳಲ್ಲೂ ಫೋಟೋಕ್ಕೆ ಹಾರ ಬೀಳುತ್ತದೆ.

“ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತೆ, ಪುಸ್ತಕ ಯಾರು ಮುಟ್ತಾರೆ?” ಇದು ಇತ್ತೀಚಿನ ವಾದ. ಮನೆಯಲ್ಲಿ ಮೊಬೈಲು ಯಾರ ಕೈಯಲ್ಲಿರುತ್ತದೆ ಎಂದು ನಾನು ಕೇಳುತ್ತೇನೆ. 2020-21ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿನಲ್ಲಿ ನಡೆದಾಗ ನಮ್ಮ ಬೀದಿಯಲ್ಲೇ ನೋಡಿದೆ. ಮನೆಗೊಂದು ಫೋನು, ಅಣ್ಣನ ತರಗತಿ ಮುಗಿದ ಮೇಲೆ ತಂಗಿಗೆ. ಅಷ್ಟರಲ್ಲಿ ಕರೆನ್ಸಿ ಖಾಲಿ. ಹುಡುಗಿಯ ಕೈಗೆ ಫೋನು ಬಂದರೂ ಅದರ ಮೇಲೆ ಮನೆಯವರೆಲ್ಲರ ಕಣ್ಣು. ಪುಸ್ತಕ ಹಿಡಿದು ಕೂತವಳನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಅದಿರಲಿ, ಕೇಳಿದ್ದಕ್ಕೆ ಫೋನು ಉತ್ತರ ಕೊಡುತ್ತದೆ, ನಿಜ. ಏನು ಕೇಳಬೇಕೆಂದೇ ಗೊತ್ತಿಲ್ಲದ ಮಗುವಿಗೆ, ಬಂದ ಹತ್ತು ಉತ್ತರಗಳಲ್ಲಿ ಯಾವುದು ಸುಳ್ಳು ಎಂದು ತಿಳಿಯದ ಮಗುವಿಗೆ ಪಕ್ಕದಲ್ಲೊಬ್ಬರು ಬೇಕು. ಪುಸ್ತಕದ ಕಾಲದಲ್ಲಿ ಗ್ರಂಥಪಾಲಕರು ಎಷ್ಟು ಅಗತ್ಯವಾಗಿದ್ದರೋ ಫೋನಿನ ಕಾಲದಲ್ಲಿ ಅದಕ್ಕಿಂತ ಹೆಚ್ಚು ಅಗತ್ಯ.

ಪುಸ್ತಕ ಯಾರೂ ಮುಟ್ಟುವುದಿಲ್ಲ ಎನ್ನುವವರಿಗೆ ನಮ್ಮ ಹಳ್ಳಿಗಳೇ ಉತ್ತರ. ನವೆಂಬರ್ 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ತೊಡಗಿದರು. ಮಕ್ಕಳು ಬಂದರು. ‘ಅರಿವು ಕೇಂದ್ರ’ ಎಂದು ಈಗ ಅವುಗಳ ಹೆಸರು. ಯಾವ ಹಳ್ಳಿಯಲ್ಲಿ ಚಟುವಟಿಕೆಯ ಮೇಲ್ವಿಚಾರಕರಿದ್ದಾರೋ ಅಲ್ಲಿ ಮಕ್ಕಳ ಗದ್ದಲ. ಎಲ್ಲಿಲ್ಲವೋ ಅಲ್ಲಿ ಧೂಳು. ನನ್ನ ವಾದವೂ ಇಷ್ಟೇ. ಕಟ್ಟಡ ಗ್ರಂಥಾಲಯವಲ್ಲ, ಬೀರು ಗ್ರಂಥಾಲಯವಲ್ಲ. ಅಲ್ಲಿ ಕೂತು ‘ಬಾ’ ಎನ್ನುವವರಿದ್ದರೆ ಅದು ಗ್ರಂಥಾಲಯ. ಅಮೆರಿಕದ ಕೊಲೊರಾಡೊ ರಾಜ್ಯದ ಶಾಲೆಗಳ ಬಗ್ಗೆ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಗ್ರಂಥಾಲಯ ಚೆನ್ನಾಗಿದ್ದು ಸಿಬ್ಬಂದಿ ಇರುವ ಶಾಲೆಗಳ ಮಕ್ಕಳು ಪರೀಕ್ಷೆಯಲ್ಲೂ ಮುಂದಿರುತ್ತಾರೆಂದು ಕಂಡಿತ್ತು. ನನಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ತಂಗಿಯ ಹೆಸರಿನಲ್ಲಿ ಪುಸ್ತಕ ಒಯ್ದ ಹುಡುಗ ಸಾಕಾಗಿತ್ತು.

“ಹಣ ಎಲ್ಲಿದೆ?” ಎನ್ನುತ್ತಾರೆ ಕೊನೆಗೆ. ಪ್ರತಿ ಶಾಲೆಗೂ ಒಬ್ಬರನ್ನು ಕೂಡಲೇ ಕೊಡಲಾಗದಿದ್ದರೆ ಹತ್ತಿರದ ಮೂರು ಶಾಲೆಗಳಿಗೆ ಒಬ್ಬರನ್ನು ಕೊಡಲಿ. ವಾರದಲ್ಲಿ ಎರಡೆರಡು ದಿನ ಬರಲಿ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುತ್ತಾರೆ. ಕಲಿತವರಲ್ಲಿ ಎಷ್ಟೋ ಹೆಣ್ಣುಮಕ್ಕಳು ಪದವಿ ಪತ್ರವನ್ನು ಟ್ರಂಕಿನಲ್ಲಿಟ್ಟುಕೊಂಡು ನಮ್ಮ ನಿಮ್ಮ ಬೀದಿಯಲ್ಲೇ ಇದ್ದಾರೆ. ವಾರಕ್ಕೊಂದು ಗ್ರಂಥಾಲಯದ ಪೀರಿಯಡ್ಡು ವೇಳಾಪಟ್ಟಿಯಲ್ಲಿರಲಿ, ಅದನ್ನು ಗಣಿತದವರು ಕಿತ್ತುಕೊಳ್ಳದಿರಲಿ. ಪುಸ್ತಕವನ್ನು ಶಾಲೆಯವರೇ, ಮಕ್ಕಳನ್ನೂ ಕೇಳಿ, ಆರಿಸಲಿ. ಕಳೆದ ಪುಸ್ತಕಕ್ಕೆ ಗೆದ್ದಲಿಗೆ ಕೊಟ್ಟಷ್ಟು ರಿಯಾಯಿತಿ ಕೊಡಲಿ. ಇದರಲ್ಲಿ ಆಗದ ಮಾತು ಯಾವುದಿದೆ?

ಇದನ್ನು ಕೇಳಬೇಕಾದವರು ಯಾರು? ನಾವೇ. ಮಗುವನ್ನು ಖಾಸಗಿ ಶಾಲೆಗೆ ಸೇರಿಸುವಾಗ ಬಸ್ಸು ಎಷ್ಟೊತ್ತಿಗೆ, ಸ್ಮಾರ್ಟ್ ಬೋರ್ಡ್ ಇದೆಯೇ, ಶೂ ಯಾವ ಬಣ್ಣ ಎಂದೆಲ್ಲ ವಿಚಾರಿಸುತ್ತೇವೆ. ಫೀಜಿನ ಚೀಟಿಯಲ್ಲಿ ‘ಲೈಬ್ರರಿ’ ಎಂದು ಬರೆದಿದ್ದರೆ ಕಟ್ಟಿ ಬರುತ್ತೇವೆ. ಆ ಲೈಬ್ರರಿ ಎಲ್ಲಿದೆ ತೋರಿಸಿ ಎನ್ನುವುದಿಲ್ಲ. ಇನ್ನು ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಂದಿರು, ಅರ್ಧ ಪಾಲು ಹೆಂಗಸರು ಇರಬೇಕು. ಆ ಹೆಂಗಸರ ಸಹಿಯನ್ನು ಮನೆಗೆ ಪುಸ್ತಕ ಕಳಿಸಿ ಹಾಕಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಸಹಿ ಹಾಕುವ ಮೊದಲು ಸಭೆಗೆ ಹೋಗಿ. ಮೂರೇ ಪ್ರಶ್ನೆ ಕೇಳಿ. ಪುಸ್ತಕ ಕೊಡುವವರು ಯಾರು? ನನ್ನ ಮಗಳು ಈ ತಿಂಗಳು ಯಾವ ಪುಸ್ತಕ ಒಯ್ದಳು? ಕಳೆದ ವರ್ಷ ಎಷ್ಟು ಪುಸ್ತಕ ಕಳೆದವು? ಮೂರನೆಯದಕ್ಕೆ ‘ಒಂದೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ ಎಚ್ಚರವಾಗಿ. ಅಲ್ಲಿ ನನ್ನಂಥವಳೊಬ್ಬಳು ಬೀಗದ ಕೈ ಹಿಡಿದು ಕೂತಿದ್ದಾಳೆ ಎಂದೇ ಅರ್ಥ.

2014ರ ಜೂನ್‌ನಲ್ಲಿ ಒಬ್ಬ ಹೆಂಗಸು ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ನನಗೆ ಗುರುತು ಹತ್ತಲಿಲ್ಲ. ಅವಳಿಗೆ ನನ್ನದು ಹತ್ತಿತು. “ಚೆನ್ನಾಗಿದೀರಾ ಮೇಡಂ?” ಎಂದವಳು ನನ್ನ ಉತ್ತರಕ್ಕೆ ಕಾಯಲಿಲ್ಲ; ಅವಳ ಕಣ್ಣು ಮೂಲೆಯ ಬೀರುವಿನ ಮೇಲಿತ್ತು. ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಎದ್ದು ಬೀಗ ತೆಗೆದು, ‘ದಿನಕ್ಕೊಂದು ಕಥೆ’ಯ ಒಂದು ಸಂಪುಟವನ್ನು ಆ ಮಗಳ ಕೈಗೆ ಕೊಟ್ಟೆ. ಇನ್ನೂ ಹಾಜರಿಯಲ್ಲಿ ಹೆಸರೇ ಬರದ ಹುಡುಗಿಯ ಹೆಸರನ್ನು ಪುಸ್ತಕ ಕೊಟ್ಟ ರಿಜಿಸ್ಟರಿನಲ್ಲಿ ಬರೆದೆ.

ಆ ಪುಸ್ತಕ ವಾಪಸು ಬರಲಿಲ್ಲ. ತಾಯಿ ಓದುತ್ತಿದ್ದಾಳೋ, ಮಗಳು ಓದುತ್ತಿದ್ದಾಳೋ ನಾನು ವಿಚಾರಿಸಲೂ ಇಲ್ಲ. 2019ರಲ್ಲಿ ನಿವೃತ್ತಳಾಗುವಾಗ ಬೇಬಾಕಿ ಪ್ರಮಾಣಪತ್ರಕ್ಕಾಗಿ ಲೆಕ್ಕ ತೆಗೆದಾಗ ಒಂದು ಪುಸ್ತಕ ಕಡಿಮೆ ಬಂತು. ಬೆಲೆ ಕಟ್ಟಿ ರಸೀದಿ ತೆಗೆದುಕೊಂಡೆ. ಮೂವತ್ಮೂರು ವರ್ಷದ ಸೇವೆಯಲ್ಲಿ ನಾನು ಸಂತೋಷದಿಂದ ಕಟ್ಟಿದ ದಂಡ ಅದೊಂದೇ. ನನ್ನಿಂದ ಏನೂ ಬಾಕಿಯಿಲ್ಲವೆಂದು ಇಲಾಖೆ ಬರೆದುಕೊಟ್ಟ ಕಾಗದ ಈಗಲೂ ಬೀರುವಿನಲ್ಲಿದೆ. ಇಲಾಖೆಗೆ ಬಾಕಿಯಿಲ್ಲದಿರಬಹುದು. ಗಾಜಿಗೆ ಮೂಗು ತಾಗಿಸಿ ನಿಂತಿದ್ದ ಹುಡುಗಿಗೆ ಇದೆ.